ಪಾತಿಗೆ ಭುಜ ಕೊಡುವ ಜಲಜಕ್ಕ

ಬೆಣೆ ಬಿಡುತ್ತಿಲ್ಲ. ಜಲಜಕ್ಕ ಕಲ್ಲಿನ ತುಂಡಿನಿಂದ ಅದರ ತಲೆಗೆ ಮೆಲ್ಲಗೆ ತಟ್ಟುತ್ತಾರೆ, ತಟ್ಟಿದ ಸದ್ದು ಎಲ್ಲಿಯವರೆಗೆ ಹೋಯಿತೆಂದು ಕಿವಿಗೊಡುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಇನ್ನೊಮ್ಮೆ ತಟ್ಟುತ್ತಾರೆ. ಬೆಣೆ ಕೈಗೆ ಬರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಡಭುಜವನ್ನು ಪಾತಿದೋಣಿಯ ಹೊಟ್ಟೆಗೆ ಆನಿಸಿ, ಉಸಿರು ಕಟ್ಟಿ ಒತ್ತುತ್ತಾರೆ. ಹಳೆಯ ಮರ ಮುಲುಗುತ್ತದೆ. ಪಾತಿ ಆಚೆಗೆ ವಾಲುತ್ತದೆ. ಹೆಚ್ಚಲ್ಲ, ಹಿಡಿಸೂಡಿ ಒಳಗೆ ಹೋಗುವಷ್ಟು. ಭುಜ ತೆಗೆಯದೆ ಬಲಗೈಯಿಂದ ಅಡಿ ಗುಡಿಸುತ್ತಾರೆ: ಧೂಳು, ಜೇಡನ ಬಲೆ, ಒಂದು ಸತ್ತ ಜಿರಳೆ. ಆಮೇಲೆ ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡುತ್ತಾರೆ. ಗೆದ್ದಲಿನ ಮಣ್ಣಿಲ್ಲ. ಪಾತಿಯನ್ನು ಮೊದಲಿದ್ದ ಹಾಗೆ ಕೂರಿಸಿ, ಬೆಣೆ ಹೊಡೆದು, ಎದ್ದು ನಿಂತು ಮಂಡಿ ತಿಕ್ಕಿಕೊಳ್ಳುತ್ತಾರೆ.

ಗೇಟಿನ ಕಡೆಯಿಂದ ಕಾವಲುಗಾರ ವೆಂಕಟನ ದನಿ ಬರುತ್ತದೆ.

“ಹ್ವಾಯ್ ಜಲಜಕ್ಕ, ನಿಮ್ ಮಗುವಿಗೆ ಹಾಲ್ ಕುಡ್ಸಿ ಆಯ್ತಾ?”

“ಆಯ್ತ್ ಮಾರಾಯ. ತಳದಲ್ಲ್ ಚೂರ್ ಉಳ್ದಿತ್. ಬಂದ್ ನೆಕ್ಕ್.”

ವೆಂಕಟ ನಗುತ್ತಾನೆ. ಈ ಹೆಂಗಸು ಬೆಳಕು ಹರಿಯುವ ಮೊದಲೇ ಬಂದು ದೋಣಿಯ ಬಳಿ ಹೊತ್ತು ಕಳೆಯುತ್ತಾಳೆ ಎನ್ನುವುದಷ್ಟೇ ಅವನಿಗೆ ಗೊತ್ತು. ಭುಜದ ಸಂಗತಿ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ಕೆಲಸ ಹೋಗುತ್ತದೆ.

ಹಂಗಾರಕಟ್ಟೆಯ ಈ ಹಳೆಯ ಹಂಚಿನ ಕಾರ್ಖಾನೆಗೆ ಈಗ ಅಳಿವೆ ಕಲಾ ಸಂಗ್ರಹಾಲಯ ಎಂದು ಹೆಸರು. ಹಂಚು ಸುಡುತ್ತಿದ್ದ ಗೂಡಿನಲ್ಲಿ ಶಿಲ್ಪಗಳಿವೆ, ಒಣಗಿಸುತ್ತಿದ್ದ ಮಾಳಿಗೆಯಲ್ಲಿ ಚಿತ್ರಗಳಿವೆ. ನಡುವಿನ ದೊಡ್ಡ ಹಜಾರದಲ್ಲಿ ಇರುವುದು ಒಂದೇ ವಸ್ತು: ಕಿರಿಮಂಜೇಶ್ವರದ ಕಡಲಿನಿಂದ ಬಂದ ಪಾತಿ, ಅಂದರೆ ಇಬ್ಬರು ಮೂವರು ಕುಳಿತು ಬಲೆ ಬೀಸಿ ಬರುವ ಸಣ್ಣ ದೋಣಿ. ಸುತ್ತ ಹಗ್ಗ ಕಟ್ಟಿದೆ. ಫಲಕದ ಮೊದಲ ಸಾಲು, ಮುಟ್ಟಬಾರದು. ಈ ಮಾತು ನೋಡಲು ಬರುವವರಿಗೆ ಮಾತ್ರವಲ್ಲ, ಗುಡಿಸುವವರಿಗೂ ಅನ್ವಯಿಸುತ್ತದೆ. ಮರ ಒಣಗಿದೆ, ಅಡಿಮರದ ಜೋಡಣೆ ಸಡಿಲಾಗಿದೆ, ಕದಲಿಸಿದರೆ ಸೀಳಬಹುದು ಎಂದು ಪರಿಣತರು ಹೇಳಿ ಹೋಗಿದ್ದಾರೆ. ಅಡಿಯ ಧೂಳಿಗೆ ಗಾಳಿ ಊದುವ ಮಿಷನ್ ಕೊಡಿಸಿದ್ದಾರೆ. ಜಲಜಕ್ಕ ದಿನಾ ಆ ಮಿಷನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಸದ್ದು ಮಾಡಿಸಿ, ಆರಿಸಿ ಇಡುತ್ತಾರೆ. ಆಮೇಲೆ ಬೆಣೆಗೆ ಕೈ ಹಾಕುತ್ತಾರೆ.

“ಅದ್ ಊದ್ರೆ ಧೂಳ್ ಹೋತಿಲ್ಲೆ. ಜಾಗ ಬದ್ಲ್ ಮಾಡ್ತ್ ಅಷ್ಟೆ,” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. “ಕಟ್ಟಿ ಹಾಕಿದ್ ಎಮ್ಮೆ ಸಾ ಒಂದ್ಸಲ ಎದ್ದ್ ಮಗ್ಗುಲ್ ಬದ್ಲ್ಸತ್ತ್. ಅದೆಂತ ಪೂಜಿಯೂ ಅಲ್ಲ, ಭಕ್ತಿಯೂ ಅಲ್ಲ. ಅಡಿ ಕಾಣ್ಕಲ್ದಾ?”

ಅಡಿಮರದಲ್ಲಿ ಉಗುರು ಹೋಗುವಷ್ಟು ಒಂದು ಸೀಳಿದೆ. ಮೊದಲೇ ಇತ್ತೋ, ಅವರ ಭುಜದಿಂದಲೇ ಬಂತೋ, ಅವರಿಗೂ ಗೊತ್ತಿಲ್ಲ. ಕೆಂಪು ನೆಲದ ಮೇಲಂತೂ ದೋಣಿ ಕೂತಿರುವ ಮರದ ಕಾಲು ಉಜ್ಜಿ ಉಜ್ಜಿ ಬಿಳಿಚಿದ ಗೆರೆಯೊಂದು ಬಿದ್ದಿದೆ. ಅದರ ಮೇಲೆ ತೆಂಗಿನೆಣ್ಣೆ ಸವರುತ್ತಾರೆ. ಎಣ್ಣೆ ಒಣಗಿದ ಮೇಲೆ ಗೆರೆ ಮತ್ತೆ ಕಾಣುತ್ತದೆ.

ಇವತ್ತು ಇಲ್ಲಿ ಮದುವೆ. ಸಂಗ್ರಹಾಲಯದಲ್ಲಿ ನಡೆಯುತ್ತಿರುವ ಮೊದಲ ಮದುವೆ, ಅದೂ ಈ ಪಾತಿಯ ಎದುರಿಗೇ. ಇವತ್ತು ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ. ಜಲಜಕ್ಕ ಇನ್ನೊಂದು ಸುತ್ತು ಎಣ್ಣೆ ಸವರಿ, ಯಾರಾದರೂ ಬಂದರೇ ಎಂದು ತಿರುಗಿ ನೋಡುತ್ತಾರೆ.

ಅನುಮಾನ ಅವರಿಗೆ ಕಸುಬಿನಿಂದ ಬಂದದ್ದು. ಸಂಗ್ರಹಾಲಯಕ್ಕೆ ಬರುವ ಮೊದಲು ಅವರು ಹಂಗಾರಕಟ್ಟೆಯಲ್ಲಿ ದೋಣಿಗಳು ತಂಗುವ ಧಕ್ಕೆಯಿಂದ ಮೀನು ಹೊತ್ತು ಬ್ರಹ್ಮಾವರದ ಮನೆಮನೆಗೆ ಹೋಗುತ್ತಿದ್ದರು. ತಲೆಯ ಮೇಲೆ ಬುಟ್ಟಿ, ಕುತ್ತಿಗೆಗೆ ಇಳಿಯುವ ಮಂಜುಗಡ್ಡೆಯ ನೀರು, ಮೆಟ್ಟಿಲ ಮೇಲೆ ಕಾಯುವ ಬೆಕ್ಕು. ಬುಟ್ಟಿ ಇಳಿಸಿದಲ್ಲೆಲ್ಲ ಜನ ಕಿವಿರು ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮೂಸಿ ನೋಡಿದರು, ನಿನ್ನೆಯದೇ ಎಂದರು. ವರ್ಷಗಟ್ಟಲೆ ಹೀಗೆ ಅನುಮಾನಿಸಿಕೊಂಡು ಬಂದ ಹೆಂಗಸು ಈಗ ಮನುಷ್ಯರ ಕಿವಿರು ಎತ್ತಿ ನೋಡುತ್ತಾರೆ. ಸ್ಕೂಟರಿನಲ್ಲಿ ಮೀನು ಮಾರುವವರು ಬಂದ ಮೇಲೆ ವ್ಯಾಪಾರ ಕೈಬಿಟ್ಟಿತು, ಅದೇ ಹೊತ್ತಿಗೆ ಕಾಲಿನ ಮಂಡಿಯೂ ಕೈಬಿಟ್ಟಿತು. ಕಾರ್ಖಾನೆಯನ್ನು ಸಂಗ್ರಹಾಲಯ ಮಾಡುವಾಗ ಸಿಮೆಂಟಿನ ಧೂಳು ತೊಳೆಯಲು ಕರೆದರು. ತೊಳೆದು ಮುಗಿದರೂ ಹೋಗು ಎನ್ನಲು ಯಾರಿಗೂ ನೆನಪಾಗಲಿಲ್ಲ. ಮನೆಯಲ್ಲಿ ಗಂಡ ಬಚ್ಚ, ಹರಿದ ಬಲೆ ನೇಯ್ದು ಕೊಡುವವರು, ಕಣ್ಣು ಮಂಜಾದ ಮೇಲೆ ಅದೂ ಕಡಿಮೆ. ಅಡುಗೆಮನೆ ನಡೆಯುವುದು ಜಲಜಕ್ಕನ ಹಿಡಿಸೂಡಿಯಿಂದ.

ಮದುವೆಯ ಹುಡುಗಿ ಧನ್ಯಶ್ರೀ ಬೈಂದೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವಳು. ಕಳೆದ ವರ್ಷ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದವಳು ಪಾತಿಯ ಮುಂದೆ ನಿಂತು ಅಲುಗಾಡಲಿಲ್ಲ. ಅದರ ಎಡಬದಿಯಲ್ಲಿ ಬಿಸ್ಕತ್ತಿನ ಡಬ್ಬಿಯ ತಗಡು ಹೊಡೆದ ತೇಪೆಯಿದೆ. ಆ ತಗಡು ಹೊಡೆದದ್ದು ಅವಳ ಅಜ್ಜ ಕೊರಗ. ಅವಳಿಗೆ ಆಗ ಆರೇಳು ವರ್ಷ, ಮೊಳೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಅಜ್ಜ ತೀರಿಕೊಂಡ ಸ್ವಲ್ಪ ದಿನಕ್ಕೆ ಮುಂಬೈಯ ಮಾವ ಪಾತಿಯನ್ನು ಯಾರಿಗೋ ಮಾರಿದ್ದ. ಸೌದೆಗೆ ಹೋಗಿರಬೇಕೆಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಅಂದೇ ಅವಳು ಟಿಕೆಟ್ ಕೋಣೆಗೆ ಹೋಗಿ ವ್ಯವಸ್ಥಾಪಕ ಪ್ರಖ್ಯಾತ್‌ನನ್ನು ಕೇಳಿದ್ದು ಒಂದೇ: ಇಲ್ಲಿ ಮದುವೆಯಾಗಬಹುದೇ?

ಮೂವತ್ತು ದಾಟಿದ ಪ್ರಖ್ಯಾತ್ ಕೆಟ್ಟವನಲ್ಲ. ಛತ್ರ ನಡೆಸಲು ಸಂಗ್ರಹಾಲಯ ಕಟ್ಟಿದ್ದೇ ಎಂದು ಸಮಿತಿಯವರು ಗುಡುಗಿದಾಗ ಅವನೇ ವಾದಿಸಿ ಒಪ್ಪಿಸಿದ. ಒಪ್ಪಿಸಿದ ಮರುದಿನದಿಂದ ಅವನಿಗೂ ನಿದ್ದೆಯಿಲ್ಲ. ಚಪ್ಪರಕ್ಕೆ ಗುಂಡಿ ತೋಡಬಾರದು, ಮುಹೂರ್ತದ ಕಂಬವನ್ನು ಮರಳು ತುಂಬಿದ ಡ್ರಮ್ಮಿನಲ್ಲಿ ನೆಡಬೇಕು. ಬೆಂಕಿ ಅಂಗಳದಲ್ಲಿ, ಊಟ ಗೂಡಿನಾಚೆಯ ಶೆಡ್ಡಿನಲ್ಲಿ. ಹಜಾರದೊಳಗೆ ದೀಪ ಎರಡೇ, ಅರಿಸಿನದ ಅಕ್ಕಿ ಎಸೆಯುವಂತಿಲ್ಲ. ಧನ್ಯಶ್ರೀ ಎಲ್ಲಕ್ಕೂ ಹೂಂ ಎಂದಳು. ಇಷ್ಟು ಸುಲಭವಾಗಿ ಒಪ್ಪಿದ್ದೇ ಅವನಿಗೆ ಸಂಶಯ ತಂದಿತು.

“ಅವರಿಗೆ ಮದುವೆ ಒಂದು ನೆಪ ಅನ್ಸುತ್ತೆ ಜಲಜಕ್ಕ,” ಎಂದ ಒಂದು ದಿನ. “ಪೂಜೆ ಮಾಡ್ತಾರೆ, ಕುಂಕುಮ ಹಚ್ತಾರೆ, ಆಮೇಲೆ ಇದು ನಮ್ಮ ಮನೆ ದೋಣಿ, ಕೊಡಿ ಅಂತಾರೆ. ನೀವೂ ಅದೇ ಜನ, ನಿಮಗೆ ಬೇಗ ಗೊತ್ತಾಗುತ್ತೆ. ಒಂದು ಕಣ್ಣಿಟ್ಟಿರಿ.”

ಅದೇ ಜನ ಎಂದದ್ದು ಜಲಜಕ್ಕನಿಗೆ ಹಿಡಿಸಲಿಲ್ಲ. ಆದರೂ ಕಣ್ಣಿಟ್ಟರು. ಇಟ್ಟ ಕಣ್ಣಿಗೆ ಕಂಡದ್ದು ಇನ್ನೂ ಹಿಡಿಸಲಿಲ್ಲ.

ಹುಡುಗಿಯ ಅಣ್ಣ ರತನ್ ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವವನು. ಮಂಟಪದ ಅಳತೆಗೆಂದು ಬಂದವನು ಮಂಟಪದ ಜಾಗಕ್ಕೆ ಬೆನ್ನು ಹಾಕಿ, ಪಾತಿಯ ಮೂತಿಯಿಂದ ಹಿಂಬಾಗಿಲವರೆಗೆ ಹೆಜ್ಜೆ ಹಾಕುತ್ತಿದ್ದ. ಹಿಂಬಾಗಿಲು ತೆರೆದರೆ ಹೊಳೆ. ಹೊಳೆ ಹಿಡಿದು ಹೋದರೆ ಕಡಲು.

“ಎಂತ ಅಳಿತಾ ಇದ್ರಿ?” ಎಂದು ಜಲಜಕ್ಕ ಹಿಂದಿನಿಂದ ಕೇಳಿದರು.

ಅವನು ಬೆಚ್ಚಿದ. “ಎಂತ ಇಲ್ಲ ಅಕ್ಕ. ಫೋಟೊದವ್ರಿಗೆ ನಿಲ್ಲೂಕೆ ಜಾಗ ಬೇಕಲ್ದಾ?”

“ಫೋಟೊದವ್ರ್ ಹೊಳೀಲ್ ಈಜ್ಕಂಡ್ ಬತ್ರಾ?”

ರತನ್ ನಕ್ಕ. ಜಲಜಕ್ಕ ನಗಲಿಲ್ಲ. ಅವನ ಜೊತೆ ಬಂದಿದ್ದ ಹುಡುಗರ ತೋಳುಗಳನ್ನು ನೋಡಿದರು. ಹೂವಿನ ಅಲಂಕಾರಕ್ಕೆ ಬರುವವರ ತೋಳುಗಳಲ್ಲ. ಅದೇ ಸಂಜೆ ಹಿಂಬಾಗಿಲಿಗೆ ಇನ್ನೊಂದು ಬೀಗ ಜಡಿಸಿ, ಕೀಲಿಯನ್ನು ತಮ್ಮ ಕರಿಮಣಿಯ ಸರಕ್ಕೆ ಕಟ್ಟಿಕೊಂಡರು. ಯಾಕೆ ಎಂದು ಗಂಡ ಕೇಳಿದಾಗ, “ಪಾತಿ ಕದೂಕೆ ಬತ್ರ್, ನೀವ್ ಸುಮ್ನೆ ಉಣ್ಣಿ” ಎಂದರು.

ಮದುವೆಯ ಬೆಳಿಗ್ಗೆ ಹಜಾರ ಚೆಂದವಾಗಿದೆ ಎನ್ನುವುದನ್ನು ಅವರೂ ಅಲ್ಲಗಳೆಯುವುದಿಲ್ಲ. ಮಂಟಪದ ಮೇಲ್ಕಟ್ಟಿಗೆ ಬಟ್ಟೆಯಿಲ್ಲ, ಅಜ್ಜನ ಹಳೆಯ ಬಲೆ ಇದೆ. ಅದರ ಕಣ್ಣುಕಣ್ಣಿಗೂ ಅಬ್ಬಲಿಗೆ ಹೂ ಸಿಕ್ಕಿಸಿದ್ದಾರೆ. ಬಿಳಿಯ ಹಲಗೆಗಳ ಮೇಲೆ ಧನ್ಯಶ್ರೀ ತಾನೇ ಕಾವಿಯ ಕೆಂಪಿನಲ್ಲಿ ಮೀನು, ಏಡಿ, ತೆಂಗಿನ ಗರಿ ಬರೆದಿದ್ದಾಳೆ. ಕಂಬಗಳ ನಡುವೆ ಹೆಂಗಸರು ಚಾಪೆ ಹಾಸಿ ಶೋಭಾನೆ ಹೇಳುತ್ತಿದ್ದಾರೆ. ಹಂಚಿನ ಮಾಡಿಗೆ ತಾಗಿ ಹಾಡು ಸ್ವಲ್ಪ ತಡವಾಗಿ ಕೆಳಗೆ ಬರುತ್ತಿದೆ. ಗೋಡೆಯ ಚಿತ್ರಗಳಿಗೆ ಹೊಗೆ ತಾಗಬಾರದೆಂದು ಪ್ರಖ್ಯಾತ್ ಎರಡು ದೀಪಗಳ ಪಕ್ಕದಲ್ಲೇ ನಿಂತಿದ್ದಾನೆ, ದೀಪಗಳು ಓಡಿಹೋಗುತ್ತವೋ ಎನ್ನುವ ಹಾಗೆ.

ಹುಡುಗ ಪ್ರಜ್ವಲ್ ಹಾಲಾಡಿಯವನು. ಅವನ ಕಡೆಯವರು ದೇವಸ್ಥಾನದಲ್ಲಿ ಮದುವೆ ನೋಡಿದವರು, ಚಿತ್ರಶಾಲೆಯಲ್ಲಿ ನೋಡಿದವರಲ್ಲ. ಒಳಗೆ ಕಾಲಿಡುತ್ತಲೇ ಅವನ ಚಿಕ್ಕಮ್ಮ ಶರ್ಮಿಳಾ ಮೇಲೆ ನೋಡಿ ನಿಂತುಬಿಡುತ್ತಾರೆ.

“ಅಯ್ಯೋ, ಬಲೆಯಾ? ನಮ್ ಮಾಣಿ ಎಂತ ಬೊಂಡಾಸ್ ಮೀನಾ, ಬಲೆ ಹಾಕಿ ಹಿಡೂಕೆ?”

“ಬೊಂಡಾಸ್ ಆರೆ ಒಳ್ಳೇದಿತ್,” ಎನ್ನುತ್ತಾಳೆ ಚಾಪೆಯ ಮೇಲಿನ ಒಬ್ಬಳು. “ಮುಳ್ಳ್ ಇರುದಿಲ್ಲ.”

ನಗು ಏಳುತ್ತದೆ. ನಗುವಿನ ನಡುವೆಯೇ ಜಲಜಕ್ಕ ಗಮನಿಸುತ್ತಾರೆ: ರತನ್ ಮತ್ತು ಅವನ ಹುಡುಗರು ಒಬ್ಬೊಬ್ಬರಾಗಿ ಪಾತಿಯ ಹಿಂಭಾಗಕ್ಕೆ ಸರಿಯುತ್ತಿದ್ದಾರೆ. ಚಪ್ಪಲಿ ಬಿಟ್ಟಿದ್ದಾರೆ. ಒಬ್ಬ ಹಗ್ಗದ ಗಂಟಿಗೆ ಕೈಹಾಕಿದ್ದಾನೆ. ಎದುರಿಗೆ ಕುರ್ಚಿಯ ಮೇಲೆ ಧನ್ಯಶ್ರೀಯ ಅಜ್ಜಿ ಬೆಳ್ಳಿ, ಕೊರಗನ ಹೆಂಡತಿ, ಕೋಲು ಊರಿಕೊಂಡು ಕಣ್ಣು ಕದಲಿಸದೆ ಕುಳಿತಿದ್ದಾರೆ. ರತನ್ ಅಜ್ಜಿಯ ಕಡೆ ನೋಡುತ್ತಾನೆ. ಅಜ್ಜಿ ತಲೆಯಾಡಿಸುತ್ತಾರೆ.

ಜಲಜಕ್ಕ ಪಾತಿಯ ಮೂತಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಮದುವೆಗೆಂದು ತಂದ ಸೀರೆ ಇನ್ನೂ ಚೀಲದಲ್ಲೇ ಇದೆ, ಮೈಮೇಲಿರುವುದು ಗುಡಿಸುವ ಸೀರೆ.

“ಮುಟ್ರೆ ಕಾಣಿ! ಕೂಗಿ ಊರ್ ಸೇರ್ಸ್ತೆ!”

ಶೋಭಾನೆ ನಿಲ್ಲುತ್ತದೆ. ಪ್ರಖ್ಯಾತ್ ದೀಪಗಳನ್ನು ಬಿಟ್ಟು ಓಡಿ ಬರುತ್ತಾನೆ. ಹಗ್ಗ ಕಳಚಿರುವುದನ್ನು ನೋಡುತ್ತಾನೆ. ಆಮೇಲೆ ಅವನ ಕಣ್ಣು ನೆಲಕ್ಕೆ ಹೋಗುತ್ತದೆ, ಮರದ ಕಾಲಿನ ಬಳಿಯ ಬಿಳಿಚಿದ ಗೆರೆಗೆ.

“ಇದೇನಿದು? ಮೊದಲೇ ತಳ್ಳಿ ನೋಡಿದ್ದೀರಾ? ಅಳತೆಗೆ ಬಂದಾಗಲೇ?”

“ನಾವ್ ಕೈ ಸಾ ಹಚ್ಲಿಲ್ಲ ಸರ್,” ಎನ್ನುತ್ತಾನೆ ರತನ್. “ದೇವ್ರಾಣಿ.”

“ಮತ್ತೆ ಈ ಗೆರೆ ತಾನಾಗಿ ಬಂತಾ? ನಾನು ನಿಮ್ಮನ್ನ ನಂಬಿ ಸಮಿತಿ ಮುಂದೆ ಜವಾಬ್ದಾರಿ ತಗೊಂಡಿದ್ದೆ. ನೀವು ದೋಣಿ ಹೊತ್ಕೊಂಡು ಹೋಗೋದಕ್ಕೆ ಬಂದಿದ್ದೀರಿ.”

“ಹೊತ್ಕಂಡ್ ಹೋಪೂಕಲ್ಲ ಮಗಾ.” ಮಾತು ಬೆಳ್ಳಿಯದು. ದನಿ ಸಣ್ಣದು, ಆದರೆ ಹಜಾರ ಅದನ್ನು ಎಲ್ಲರಿಗೂ ಕೇಳಿಸುತ್ತದೆ. “ಒಂದ್ ಗೇಣ್ ಕದ್ಲ್ಸೂಕೆ. ಅಷ್ಟೆ.”

ಅವರು ಹೇಳಿದ್ದು ಇಷ್ಟು. ಅವರ ಮನೆಯಲ್ಲಿ ಯಾರಾದರೂ ಸತ್ತರೆ ಸೂತಕ ಕಳೆಯುವ ತನಕ ಪಾತಿಯನ್ನು ಕದಲಿಸುವುದಿಲ್ಲ. ಸೂತಕ ಕಳೆದ ಬೆಳಿಗ್ಗೆ ಭುಜ ಕೊಟ್ಟು ಕದಲಿಸಬೇಕು, ಆಗಲೇ ಸತ್ತವರು ಮರವನ್ನು ಬಿಟ್ಟು ಹೋಗುವುದು. ಕೊರಗ ಹೋದಾಗ ಆ ಬೆಳಿಗ್ಗೆ ಬರುವ ಮೊದಲೇ ಪಾತಿ ಮಾರಾಟವಾಗಿತ್ತು. ಕದಲದ ಪಾತಿ ಅಂದರೆ ಸೂತಕದ ಪಾತಿ. ಅದರ ಎದುರಿಗೆ ಮೊಮ್ಮಗಳ ಕೈಗೆ ಧಾರೆಯ ನೀರು ಬೀಳಬಾರದು. ಬಾಯಿಬಿಟ್ಟು ಕೇಳಿದರೆ ಸಂಗ್ರಹಾಲಯದವರು ಆಗದು ಎನ್ನುತ್ತಾರೆಂದು, ಸದ್ದಿಲ್ಲದೆ ಒಂದು ಗೇಣು ನೂಕಿ ಮುಗಿಸುವ ಯೋಚನೆ ಮಾಡಿದ್ದರು.

“ಲಾರಿಯಲ್ಲಿ ಕಿರಿಮಂಜೇಶ್ವರದಿಂದ ಇಲ್ಲಿವರೆಗೆ ಬಂತಲ್ಲ ಅಜ್ಜಿ, ಆಗಲೇ ಕದಲಿತಲ್ಲ?” ಎನ್ನುತ್ತಾನೆ ಪ್ರಖ್ಯಾತ್.

“ಎತ್ತಿದ್ದ್ ಕ್ರೇನ್. ಕ್ರೇನಿಗೆ ಭುಜ ಇತ್ತಾ?”

ಪ್ರಖ್ಯಾತ್ ಪಾತಿಯ ಅಡಿಮರದ ಕಡೆ ನೋಡುತ್ತಾನೆ. ಕದಲಿಸಿದರೆ ಮರ ಸೀಳಬಹುದು, ಸೀಳಿದರೆ ಈ ಊರಿನಲ್ಲಿ ಇಂಥದ್ದು ಇನ್ನೊಂದಿಲ್ಲ. ಸಾಧ್ಯವಿಲ್ಲ ಎನ್ನುತ್ತಾನೆ. ಬೇಕಿದ್ದರೆ ಮಂಟಪವನ್ನು ಅಂಗಳಕ್ಕೆ ಹಾಕಿಸಿಕೊಡುತ್ತೇನೆ ಎನ್ನುತ್ತಾನೆ. ಅಷ್ಟರಲ್ಲಿ ಹಾಲಾಡಿಯವರ ಕಡೆಯಲ್ಲಿ ಗುಸುಗುಸು ಶುರುವಾಗಿದೆ.

“ಸೂತಕದ್ ದೋಣಿ ಎದ್ರ್ ನಮ್ ಹುಡ್ಗನ್ನ ಕೂರ್ಸೂಕೆ ಕರ್ಕಂಡ್ ಬಂದದ್ದಾ?” ಶರ್ಮಿಳಾ ಈಗ ನಗುತ್ತಿಲ್ಲ. “ಮೊದ್ಲೇ ಹೇಳೂಕೆ ಆತಿರ್ಲಿಲ್ಯಾ? ಇನ್ನೆಂತೆಲ್ಲ ಮುಚ್ಚಿ ಇಟ್ಟಿದ್ರಿ?”

“ಜಾನೇ ದೋ ಅಬ್ಬಿ,” ಎಂದು ಮುಂಬೈಯ ಮಾವ ತಾಯಿಯ ಹೆಗಲು ಹಿಡಿಯುತ್ತಾನೆ. “ಯಾವ್ ಕಾಲದ್ ಮಾತ್ ಹಿಡ್ಕಂಡ್ ಕೂತಿದ್ರಿ. ಹೊರ್ಗೆ ಮಾಡ್ವ.”

“ಮಾರಿದ್ದ್ ನೀನ್. ನೀನ್ ಬಾಯ್ ಮುಚ್ಚ್.”

ಟಿಕೆಟ್ ಕೋಣೆಯಲ್ಲಿ ಸಿಂಗರಿಸಿಕೊಳ್ಳುತ್ತಿದ್ದ ಧನ್ಯಶ್ರೀ ಅರ್ಧ ಜಡೆಯಲ್ಲೇ ಹೊರಗೆ ಬಂದಿದ್ದಾಳೆ. ಒಂದು ಕೈಯಲ್ಲಿ ಬಳೆ ತುಂಬಿದೆ, ಇನ್ನೊಂದು ಖಾಲಿ. ಅಣ್ಣನನ್ನು, ಅಜ್ಜಿಯನ್ನು, ಹುಡುಗನ ಕಡೆಯವರನ್ನು ನೋಡುತ್ತಾಳೆ. “ಅಮ್ಮಮ್ಮ, ಬೇಡ ಬಿಡಿ. ಅಂಗಳದಲ್ಲೇ ಆಯ್ಲಿ,” ಎನ್ನುತ್ತಾಳೆ. ಬೆಳ್ಳಿ ಅಲ್ಲಾಡುವುದಿಲ್ಲ. ಇಲ್ಲಿಯವರೆಗೆ ಬಂದು, ಸತ್ತ ಗಂಡನ ಎದುರಿನಿಂದ ಎದ್ದು ಅಂಗಳಕ್ಕೆ ಹೋಗಿ ಮದುವೆ ಮಾಡಿದರೆ ಅದು ಇನ್ನೂ ಕೆಟ್ಟದ್ದು, ಇವತ್ತು ಈ ಮದುವೆಯೇ ಬೇಡ ಎನ್ನುತ್ತಾರೆ. ಪುರೋಹಿತರು ಕೈಗಡಿಯಾರ ನೋಡಿಕೊಳ್ಳುತ್ತಾರೆ.

ಇಷ್ಟೂ ಹೊತ್ತು ಜಲಜಕ್ಕ ಪಾತಿಗೆ ಬೆನ್ನು ಕೊಟ್ಟು ನಿಂತೇ ಇದ್ದಾರೆ. ಅವರ ಅನುಮಾನ ನಿಜವಾಗಿದೆ, ಇವರು ಏನೋ ಹೊಂಚಿದ್ದರು ಎನ್ನುವಲ್ಲಿಯವರೆಗೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗೆರೆ ರತನ್‌ನ ತಲೆಗೆ ಹೋಗುತ್ತದೆ, ಪಾತಿ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಮದುವೆ ಅವರ ಮನೆಯದಲ್ಲ. ಈ ಹುಡುಗಿಯ ಕಿವಿರನ್ನೂ ಅವರು ಪೂರ್ತಿ ಎತ್ತಿ ನೋಡಿಲ್ಲ, ನಾಳೆ ಪಾತಿ ಕೇಳಲು ಬಂದರೂ ಬರಬಹುದು. ಹುಡುಗಿಯ ಖಾಲಿ ಕೈಯ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಪ್ರಖ್ಯಾತ್‌ನ ಮುಖ ನೋಡದೆ ಮಾತಾಡುತ್ತಾರೆ.

“ಇವತ್ ಬೆಳಿಗ್ಗೆ ಕದ್ಲಿತ್ ಅದ್.”

“ಯಾರ್ ಕದ್ಲ್ಸಿದ್ದ್?” ಎನ್ನುತ್ತಾರೆ ಬೆಳ್ಳಿ.

“ನಾನ್.”

“ಎಂತಕೆ?”

“ಗುಡ್ಸೂಕೆ.”

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾಗುತ್ತಾರೆ. ಪ್ರಖ್ಯಾತ್ ನೆಲದ ಗೆರೆಯನ್ನೂ ಜಲಜಕ್ಕನನ್ನೂ ನೋಡುತ್ತಾನೆ. ಬೆಳ್ಳಿ ಮಾತ್ರ ನಂಬುವುದಿಲ್ಲ.

“ಸುಳ್ಳ್ ಹೇಳ್ಬೇಡ ಹೆಣೆ. ಮದಿ ನಿಲ್ಬಾರ್ದ್ ಅಂದೇಳಿ ಹೇಳ್ತಾ ಇದ್ದೆ ನೀನ್. ಇಲ್ಲಿಗ್ ಬಾ.”

ಜಲಜಕ್ಕ ಹೋಗುತ್ತಾರೆ. ಮುದುಕಿ ಅವರನ್ನು ಬಗ್ಗಿಸಿ, ಸೆರಗು ಸರಿಸಿ, ರವಿಕೆಯ ಎಡಭುಜವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲ್ಲಿ ಬಟ್ಟೆ ಕಪ್ಪಾಗಿದೆ, ಒಗೆದರೂ ಹೋಗದ ಕಪ್ಪು. ಮೂಗು ಹತ್ತಿರ ತರುತ್ತಾರೆ. ಕೊರಗ ಪ್ರತಿ ವರ್ಷ ಪಾತಿಗೆ ಬಳಿಯುತ್ತಿದ್ದ ಗೇರೆಣ್ಣೆ. ಮೀನು ಕೊಳ್ಳುವವರು ಮೂಸುವುದನ್ನು ಸಹಿಸಿಕೊಂಡ ಹಾಗೆಯೇ ಜಲಜಕ್ಕ ಮುಖ ಆಚೆ ಮಾಡಿ ನಿಂತಿದ್ದಾರೆ.

“ದಿನಾ ಕದ್ಲ್ಸ್ತ್ಯಾ?”

“ಸೋಮಾರ ಬಿಟ್ಟ್. ಸೋಮಾರ ರಜಿ.”

“ಹೆಂಗ್ಸಿನ್ ಭುಜ ಲೆಕ್ಕಕ್ಕ್ ಬತ್ತಾ ಅಬ್ಬಿ?” ಎಂದು ಮಾವ ಬಾಯಿ ಹಾಕುತ್ತಾನೆ. “ಅದೂ ನಮ್ ಮನಿಯವ್ಳ್ ಅಲ್ಲ.”

“ನಿಮ್ಮಪ್ಪ ಹಾಸ್ಗೆ ಹಿಡ್ದಾಗ ಆ ಪಾತಿ ನೀರಿಗ್ ನೂಕಿದ್ದ್ ಯಾರ್ ಭುಜ? ನೀನ್ ಅಲ್ಲಿ ಹೋಟ್ಲಲ್ಲ್ ಗ್ಲಾಸ್ ತೊಳಿತಿದ್ದೆ.” ಬೆಳ್ಳಿ ಜಲಜಕ್ಕನ ತೋಳು ಬಿಟ್ಟಿಲ್ಲ. “ಹಾಂಗಾರೆ ಅವ್ರ್ ಹೋಯಿ ಎಷ್ಟೋ ಕಾಲ ಆಯ್ತ್. ನಾನ್ ಒಬ್ಳೇ ಇನ್ನೂ ಇಲ್ಲೇ ಇದ್ರ್ ಅಂದ್ಕಂಡ್ ಕೂತಿದ್ದೆ.” ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ. “ಹುಡ್ಗಿಗ್ ಬಳಿ ಹಾಕಿ. ವಾಲಗದವ್ರ್ ಎಂತ ನಿದ್ದಿ ಮಾಡ್ತಾ ಇದ್ರಾ?”

ಮದುವೆ ನಡೆಯುತ್ತದೆ. ತೆಂಗಿನಕಾಯಿಯ ಮೇಲೆ ಕೂಡಿಸಿದ ಕೈಗಳಿಗೆ ಧಾರೆಯ ನೀರು ಬೀಳುತ್ತದೆ, ಹಂಚಿನ ಸಂದಿಯ ಬಿಸಿಲು ಬಲೆಯಲ್ಲಿ ಸೋಸಿ ಹುಡುಗ ಹುಡುಗಿಯ ಬೆನ್ನ ಮೇಲೆ ಕಣ್ಣುಕಣ್ಣಾಗಿ ಬೀಳುತ್ತದೆ. ಶರ್ಮಿಳಾ ಕೂಡ ಹಾಡಿಗೆ ದನಿ ಸೇರಿಸುತ್ತಾರೆ, ಅರ್ಧ ಮನಸ್ಸಿನಿಂದ. ಜಲಜಕ್ಕ ಕಂಬದ ಮರೆಯಲ್ಲಿದ್ದಾರೆ. ಬೆಳ್ಳಿ ಕರೆಸಿ ಸೇಸೆ ಇಡಲು ಹೇಳಿದಾಗ ಬಂದು, ಅರಿಸಿನದ ಅಕ್ಕಿಯನ್ನು ಹುಡುಗಿಯ ಮಂಡಿಗೆ, ಭುಜಕ್ಕೆ, ನೆತ್ತಿಗೆ ಮುಟ್ಟಿಸಿ, ನೆಲಕ್ಕೆ ಬಿದ್ದ ಕಾಳುಗಳನ್ನು ಹೆಕ್ಕಿಕೊಂಡು ಹೋಗುತ್ತಾರೆ. ಊಟಕ್ಕೆ ಕೂರುವುದಿಲ್ಲ. ಎಲ್ಲರೂ ಶೆಡ್ಡಿಗೆ ಹೋದ ಮೇಲೂ ಹಿಂಬಾಗಿಲ ಕೀಲಿ ಕೊರಳಲ್ಲೇ ಇದೆ. ಸಂಜೆ ಪ್ರಖ್ಯಾತ್ ಅವರ ಮುಖ ನೋಡದೆ ಒಂದೇ ಮಾತು ಹೇಳುತ್ತಾನೆ: ಮಂಗಳವಾರ ಆಫೀಸಿಗೆ ಬನ್ನಿ.

ಮಂಗಳವಾರ ಬೆಳಿಗ್ಗೆ ಅವರು ಬೆಣೆ ಮುಟ್ಟುವುದಿಲ್ಲ. ಬಾಗಿಲ ಕೀಲಿಗಳನ್ನೂ ಸಂಗ್ರಹಾಲಯದವರು ಕೊಟ್ಟಿದ್ದ ಮೊಬೈಲನ್ನೂ ಒಂದು ಕವರಿಗೆ ಹಾಕಿ, ಪ್ರಖ್ಯಾತ್‌ನ ಮೇಜಿನ ಮೇಲೆ ಇಟ್ಟು ನಿಲ್ಲುತ್ತಾರೆ.

“ಇದೆಲ್ಲ ಯಾಕೆ? ಕೂತ್ಕೊಳ್ಳಿ ಜಲಜಕ್ಕ.”

ಅವರು ಕೂರುವುದಿಲ್ಲ. ಕೂತವರನ್ನು ಏಳಿಸುವುದು ಸುಲಭ ಎಂದು ಅವರ ಎಣಿಕೆ.

ಪ್ರಖ್ಯಾತ್ ತನ್ನ ಫೋನನ್ನು ಅವರತ್ತ ತಿರುಗಿಸುತ್ತಾನೆ. ಅದರಲ್ಲಿ ಬೆಳ್ಳಿ ಜಲಜಕ್ಕನ ಭುಜ ಮೂಸುತ್ತಿದ್ದಾರೆ. ಯಾರೋ ಹುಡುಗನ ಕಡೆಯವರು ತೆಗೆದ ವಿಡಿಯೊ ಕುಂದಾಪುರ ದಾಟಿ, ಮುಂಬೈ ದಾಟಿ ಹೋಗಿದೆ. ಸಮಿತಿಯವರೂ ನೋಡಿದ್ದಾರೆ. ಎರಡು ದಿನದಿಂದ ಫೋನಿನ ಮೇಲೆ ಫೋನು, ನಮಗೂ ಅಲ್ಲೇ ಮದುವೆ ಮಾಡಿಸಿ, ಆ ಅಮ್ಮ ಇರಬೇಕು, ಆ ದೋಣಿಯ ಶಾಸ್ತ್ರ ಇರಬೇಕು ಎಂದು.

“ಕೆಲಸದಿಂದ ತೆಗೆಯೋ ಮಾತೇ ಇಲ್ಲ,” ಎನ್ನುತ್ತಾನೆ. “ಮಾಡಿದ್ದು ತಪ್ಪೇ. ಆದರೆ ಈಗ ಸರಿಯಾಗಿ ಮಾಡೋಣ. ದೋಣಿ ಅಡಿಗೆ ಮರಕ್ಕೆ ಪೆಟ್ಟಾಗದ ಹಾಗೆ ಒಂದು ಉರುಳೆ ಕೂರಿಸ್ತೀವಿ. ಮದುವೆ ಇದ್ದ ದಿನ, ಧಾರೆಗೆ ಮೊದಲು, ನೀವು ಒಳ್ಳೆ ಸೀರೆ ಉಟ್ಕೊಂಡು ಬಂದು ಎಲ್ಲರೆದುರು ಭುಜ ಕೊಡಬೇಕು. ಅಷ್ಟೇ ಕೆಲಸ. ಗುಡಿಸೋದು ಬೇಡ, ಬೇರೆಯವರನ್ನ ಇಡೋಣ. ಸಂಬಳವೂ ಹೆಚ್ಚುತ್ತೆ.”

ಜಲಜಕ್ಕ ಫೋನಿನಲ್ಲಿ ತಮ್ಮ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಮೀನು ಹಳಸಿದೆಯೋ ಎಂದು ನೋಡುವ ನೋಟ ಅದು.

“ಆ ಮದಿಯವ್ರ್ ಮನೀಲ್ ಪಾತಿ ಇತ್ತಾ?”

“ಇರಬೇಕು ಅಂತೇನಿಲ್ಲ.”

“ಯಾರಾರೂ ತೀರ್ಕಂಡಿದ್ರಾ?”

“ಅಯ್ಯೋ, ಹಾಗಲ್ಲ ಜಲಜಕ್ಕ.” ಪ್ರಖ್ಯಾತ್ ನಗುತ್ತಾನೆ, ಆಮೇಲೆ ನಿಜವಾಗಿಯೇ ಕೇಳುವ ಹಾಗೆ ಕೇಳುತ್ತಾನೆ. “ಯಾವ ಶಾಸ್ತ್ರವೂ ಒಂದು ದಿನ ಯಾರೋ ಒಬ್ಬರು ಶುರು ಮಾಡಿದ್ದೇ ಅಲ್ವಾ? ಇದನ್ನ ನೀವು ಶುರು ಮಾಡಿದ್ರಿ ಅಂತ ಇರಲಿ. ಫಲಕದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ.”

“ನಾನ್ ಕಸ ಗುಡ್ಸಿದ್ದ್.”

“ಯೋಚನೆ ಮಾಡಿ. ಒಪ್ಪದಿದ್ರೆ ನಿಮಗೆ ಮಾಳಿಗೆ ಮೇಲಿನ ಚಿತ್ರಗಳ ಕಡೆ ಕೆಲಸ ಕೊಡಬೇಕಾಗುತ್ತೆ. ಹಜಾರಕ್ಕೆ ಬರೋ ಹಾಗಿಲ್ಲ. ಸಮಿತಿ ತೀರ್ಮಾನ, ನನ್ನದಲ್ಲ. ಪಾತಿ ಹತ್ತಿರ ಇರಬೇಕು ಅಂದ್ರೆ ಇದೊಂದೇ ದಾರಿ.”

ಹೊರಗೆ ಹೊಸಬಳು ಯಾರೋ ಗಾಳಿ ಊದುವ ಮಿಷನ್ ಚಾಲೂ ಮಾಡಿದ್ದಾಳೆ. ಅದರ ಸದ್ದು ಹಜಾರದಿಂದ ಇಲ್ಲಿಯವರೆಗೆ ಬರುತ್ತದೆ. ಜಲಜಕ್ಕ ಮೇಜಿನ ಮೇಲಿನ ಕವರನ್ನು ಪ್ರಖ್ಯಾತ್‌ನ ಕಡೆಗೆ ಇನ್ನಷ್ಟು ಸರಿಸುತ್ತಾರೆ.

“ಇಲ್ಲೆ,” ಎನ್ನುತ್ತಾರೆ. “ನಾನ್ ಮಾಡುದಿಲ್ಲೆ.”